ಊಟದ ಅರ್ಧ ಗಂಟೆ ಯಾರದು?

(ಹೆಸರುಗಳನ್ನೂ ಗುರುತು ಸಿಗಬಹುದಾದ ವಿವರಗಳನ್ನೂ ಬದಲಿಸಿದ್ದೇನೆ. ಪ್ರಕರಣವನ್ನು ಬರೆಯಲು ಸಂಬಂಧಪಟ್ಟವರ ಒಪ್ಪಿಗೆ ಪಡೆದಿದ್ದೇನೆ.)

ಕೃಪಾ ಬೆಂಗಳೂರಿನ ಹೊರವಲಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಲೈನ್ ಸೂಪರ್‌ವೈಸರ್. ಹೆಲ್ಪರ್ ಆಗಿ ಸೇರಿ, ಟೈಲರ್ ಆಗಿ ವರ್ಷಗಟ್ಟಲೆ ಕಾಲರ್ ಹೊಲಿದು ಮೇಲೆ ಬಂದವರು. ರಾತ್ರಿ ನಿದ್ದೆ ಇಲ್ಲ, ಎದೆ ಬಿಗಿಯುತ್ತದೆ, ಕಾರ್ಖಾನೆಯ ಗೇಟು ಕಂಡರೆ ಕೈ ನಡುಗುತ್ತದೆ ಎಂಬುದು ಅವರ ದೂರು. ವೈದ್ಯರು ಹೃದಯ ಪರೀಕ್ಷಿಸಿ ತೊಂದರೆಯಿಲ್ಲ ಎಂದಿದ್ದರು. ಅವರನ್ನು ಆಪ್ತಸಲಹೆಗಾಗಿ ನನ್ನ ಬಳಿಗೆ ಕಳುಹಿಸಿದ್ದು ಕಾರ್ಖಾನೆಯ ಕಲ್ಯಾಣಾಧಿಕಾರಿ.

ಕೃಪಾ ಅವರ ಗಂಡ ಮೊದಲು ವಿಪರೀತ ಕುಡಿಯುತ್ತಿದ್ದರು. ಬಡಾವಣೆಯ ಒಂದು ಸಣ್ಣ ಕ್ರೈಸ್ತ ಸಭೆಯವರು ಮನೆಗೆ ಬಂದು ಪ್ರಾರ್ಥಿಸಿದರು, ಜೊತೆಗೆ ನಿಂತರು. ಗಂಡ ಕುಡಿತ ಬಿಟ್ಟರು. ಕೃತಜ್ಞತೆ ತುಂಬಿದ ಈ ಹೆಂಗಸಿಗೆ ತನಗೆ ಸಿಕ್ಕಿದ್ದು ಎಲ್ಲರಿಗೂ ಸಿಗಲಿ ಎನ್ನುವ ಆಸೆ. ಅದು ಒಳ್ಳೆಯ ಆಸೆ ಎಂದು ನಾನು ಮೊದಲ ಭೇಟಿಯಲ್ಲೇ ಹೇಳಿದೆ, ಏಕೆಂದರೆ ಅದನ್ನು ಯಾರಾದರೂ ಹೇಳುವುದು ಅಗತ್ಯವಿತ್ತು. ನಾನೂ ಕ್ರೈಸ್ತ ವಿಶ್ವಾಸಿಯೇ. ಆದರೆ ಆಪ್ತಸಲಹೆಯ ಕುರ್ಚಿಯಲ್ಲಿ ಕುಳಿತಾಗ ನನ್ನ ವಿಶ್ವಾಸವನ್ನು ಎದುರಿಗಿರುವವರ ಮೇಲೆ ಹೇರುವುದಿಲ್ಲ. ಮುಂದೆ ಅವರಿಗೆ ಹೇಳಿದ್ದೂ ಇದೇ ನಿಯಮವನ್ನು.

ಆ ಸಭೆಯಲ್ಲಿ ಪ್ರತಿ ಭಾನುವಾರ ಪಾಸ್ಟರ್ ಕೇಳುತ್ತಿದ್ದರಂತೆ: ಈ ವಾರ ಎಷ್ಟು ಜನರಿಗೆ ಯೇಸುವಿನ ಸುವಾರ್ತೆ ಹೇಳಿದಿರಿ, ಕೈ ಎತ್ತಿ. ಹೇಳದಿದ್ದವರಿಗೆ ಬೈಬಲಿನ ಪ್ರವಾದಿ ಯೆಹೆಜ್ಕೇಲನ ಗ್ರಂಥದ ಮೂವತ್ತಮೂರನೆಯ ಅಧ್ಯಾಯ ಓದಿಸುತ್ತಿದ್ದರು. ಕತ್ತಿ ಬರುವುದನ್ನು ಕಂಡೂ ಕೊಂಬೂದದ ಕಾವಲುಗಾರನಿಂದ ಸತ್ತವರ ರಕ್ತದ ಲೆಕ್ಕ ಕೇಳಲಾಗುತ್ತದೆ ಎಂಬ ಭಾಗ ಅದು. ಲೈನಿನಲ್ಲಿ ಕುಳಿತ ಟೈಲರ್‌ಗಳ ಮುಖ ನೋಡಿದಾಗಲೆಲ್ಲ ಕೃಪಾ ಅವರಿಗೆ ಆ ರಕ್ತದ ಮಾತೇ ನೆನಪಾಗುತ್ತಿತ್ತು. ಊಟದ ಹೊತ್ತಿನಲ್ಲಿ ಅವರ ಪಕ್ಕ ಕುಳಿತು ಸಾಕ್ಷಿ, ಅಂದರೆ ದೇವರು ತನ್ನ ಬಾಳಿನಲ್ಲಿ ಮಾಡಿದ್ದನ್ನು, ಹೇಳತೊಡಗಿದರು. ತಲೆನೋವೆಂದವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಬ್ಯಾಗುಗಳೊಳಗೆ ಕರಪತ್ರ ಇಟ್ಟರು.

ಮಂಜುಳಾ ಎಂಬ ಟೈಲರ್‌ನ ಗಂಡನೂ ಕುಡಿಯುತ್ತಿದ್ದ. ಕೃಪಾ ಕರೆದಾಗ ಅವಳು ಕೆಲವು ಭಾನುವಾರ ಸಭೆಗೆ ಬಂದಳು, ಆಮೇಲೆ ನಿಲ್ಲಿಸಿದಳು. ಅದೇ ದಿನಗಳಲ್ಲಿ ಅವಳ ಪೀಸ್ ಎಣಿಕೆ ಇಳಿಯಿತು. ಕೃಪಾ ಬೇರೆ ಯಾರನ್ನಾದರೂ ಗದರುವಂತೆಯೇ ಅವಳನ್ನೂ ಗದರಿದರು. ಆದರೆ ಇಡೀ ಲೈನು ಅದನ್ನು ಬೇರೆ ರೀತಿ ಓದಿತು: ಸಭೆಗೆ ಬರುವುದನ್ನು ಬಿಟ್ಟದ್ದಕ್ಕೆ ಶಿಕ್ಷೆ. ಮಂಜುಳಾಳ ಅಣ್ಣ ಗೇಟಿನ ಬಳಿ ಬಂದು ಕೂಗಾಡಿದ. ಕಲ್ಯಾಣಾಧಿಕಾರಿ ಇಬ್ಬರ ಮಾತನ್ನೂ ಕೇಳಿ ಕೃಪಾ ಅವರಿಗೆ ಮೌಖಿಕ ಎಚ್ಚರಿಕೆ ಕೊಟ್ಟರು.

ನನ್ನೆದುರು ಕುಳಿತು ಅವರು ಕೇಳಿದ್ದು ಎರಡು ಪ್ರಶ್ನೆ. ಸುಮ್ಮನಿದ್ದರೆ ನಾನು ದೇವರಿಗೆ ದ್ರೋಹ ಮಾಡಿದಂತಾಗುತ್ತದೆಯೇ? ಮಾತನಾಡಿದರೆ ಪೊಲೀಸ್ ಕೇಸ್ ಆಗುತ್ತದೆಯೇ?

ಎರಡನೆಯದಕ್ಕೆ ಮೊದಲು ಉತ್ತರಿಸಿದೆ, ಭಯ ಇಳಿಯದೆ ಬೇರೆ ಮಾತು ತಲೆಗೆ ಹೋಗುವುದಿಲ್ಲ. ಸಂವಿಧಾನದ 25ನೇ ವಿಧಿ ತನ್ನ ಧರ್ಮವನ್ನು ಪಾಲಿಸುವ ಹಕ್ಕಿನ ಜೊತೆಗೆ ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿದೆ. ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿದೆ. ಕರ್ನಾಟಕದ 2022ರ ಕಾಯ್ದೆ ಬಲವಂತ, ವಂಚನೆ, ಅನುಚಿತ ಪ್ರಭಾವ, ಆಮಿಷಗಳಿಂದಾಗುವ ಮತಾಂತರವನ್ನು ಅಪರಾಧವೆಂದಿತು. ಆಮಿಷದ ವ್ಯಾಖ್ಯೆಯಲ್ಲಿ ಉಡುಗೊರೆ ಮತ್ತು ಉದ್ಯೋಗದ ಜೊತೆಗೆ ದೈವಿಕ ಅಸಮಾಧಾನದ, ಅಂದರೆ ದೇವರು ಮುನಿಯುತ್ತಾನೆಂಬ, ಮಾತೂ ಇದೆ. ದೂರು ಕೊಡಬಲ್ಲವರಲ್ಲಿ ಒಡಹುಟ್ಟಿದವರು ಮಾತ್ರವಲ್ಲ, ಸಹೋದ್ಯೋಗಿಗಳೂ ಸೇರಿದ್ದಾರೆ. 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಅದನ್ನು ರದ್ದುಪಡಿಸುವ ತೀರ್ಮಾನ ತೆಗೆದುಕೊಂಡಿತು. ಇಂಥ ವಿಷಯದಲ್ಲಿ ಇಂದಿನ ಸ್ಥಿತಿಯನ್ನು ವಕೀಲರಿಂದಲೇ ತಿಳಿಯಬೇಕು ಎಂದು ಹೇಳಿ ಒಬ್ಬರ ಬಳಿಗೆ ಕಳುಹಿಸಿದೆ.

ಆದರೆ ಕಾನೂನು ಬಿಟ್ಟರೂ ಒಂದು ಪ್ರಶ್ನೆ ಉಳಿಯುತ್ತಿತ್ತು. ನನ್ನ ಮಟ್ಟಿಗೆ ಅದೇ ಈ ಪ್ರಕರಣದ ತಿರುಳು. ಕೃಪಾ ಅವರಿಗೆ ಒಂದು ಹಾಳೆ ಕೊಟ್ಟು, ಲೈನಿನಲ್ಲಿ ನಿಮ್ಮ ಕೈಯಲ್ಲಿ ಏನೇನಿದೆ, ಬರೆಯಿರಿ ಎಂದೆ. ಅವರು ಬರೆದರು: ರಜೆಗೆ ಶಿಫಾರಸು. ಔಟ್‌ಪಾಸ್ (ಕೆಲಸದ ನಡುವೆ ಹೊರಹೋಗುವ ಚೀಟಿ). ಯಾರಿಗೆ ಯಾವ ಮೆಷಿನ್. ಯಾರಿಗೆ ಓಟಿ (ಹೆಚ್ಚುವರಿ ಅವಧಿಯ ಕೆಲಸ). ಗಂಟೆಯ ಟಾರ್ಗೆಟ್ ತಪ್ಪಿದರೆ ಯಾರ ಹೆಸರು ಮೇಲೆ ಹೋಗಬೇಕು. ಬರೆದು ಮುಗಿದ ಮೇಲೆ ಕೇಳಿದೆ: ಮಂಜುಳಾ ‘ಬರುತ್ತೇನಕ್ಕ’ ಎಂದಾಗ ಯೇಸುವಿಗೆ ಹೂಂ ಎಂದಳೋ, ಸೂಪರ್‌ವೈಸರ್‌ಗೆ ಹೂಂ ಎಂದಳೋ?

ಗೊತ್ತಿಲ್ಲ, ಅವಳಿಗೂ ಗೊತ್ತಿತ್ತೋ ಇಲ್ಲವೋ ಎಂದರು. ಆಮೇಲೆ ಅತ್ತರು.

ಊಟಕ್ಕೆ ಸಿಗುವುದು ಅರ್ಧ ಗಂಟೆ. ಬೆಳಗಿನಿಂದ ಬೆನ್ನು ಬಗ್ಗಿಸಿದವಳು ಡಬ್ಬಿ ಬಿಚ್ಚಿ ಕುಳಿತಾಗ ಮೇಲಿನವರು ಪಕ್ಕಕ್ಕೆ ಬಂದರೆ ಎದ್ದು ಹೋಗಲಾಗುವುದಿಲ್ಲ. ಎದ್ದು ಹೋಗಲಾಗದವರಿಗೆ ಹೇಳುವ ಮಾತು ಎಷ್ಟೇ ಪವಿತ್ರವಾಗಿದ್ದರೂ ಅದರಲ್ಲಿ ಒತ್ತಾಯ ಸೇರಿಕೊಳ್ಳುತ್ತದೆ. ಹಾಗೆ ಪಡೆದ ಒಪ್ಪಿಗೆ ಸಭೆಗೂ ಪ್ರಯೋಜನವಿಲ್ಲ, ಆ ಹೆಂಗಸಿಗೂ ಪ್ರಯೋಜನವಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ದೇವರ ವಿಷಯಕ್ಕೆ ಬಂದಾಗ, ನಾನು ಪಾಸ್ಟರ್ ಅಲ್ಲ, ನೀವೇ ಓದಿ ನೋಡಿ ಎಂದು ಬೈಬಲಿನ ಕೆಲವು ಭಾಗಗಳನ್ನು ಸೂಚಿಸಿದೆ. ಯೆಹೆಜ್ಕೇಲನನ್ನು ಇಸ್ರಾಯೇಲ್ ವಂಶಕ್ಕೆ ಕಾವಲುಗಾರನಾಗಿ ದೇವರೇ ನೇಮಿಸಿದ್ದು. ಅದರಿಂದ ಪ್ರತಿ ವಿಶ್ವಾಸಿಗೂ ವಾರದ ಟಾರ್ಗೆಟ್ ಹುಟ್ಟುವುದು ಹೇಗೆ? ಪೇತ್ರನ ಮೊದಲನೆಯ ಪತ್ರಿಕೆಯ ಮೂರನೆಯ ಅಧ್ಯಾಯ ನಿಮ್ಮ ನಿರೀಕ್ಷೆಗೆ ಕಾರಣ ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ ಎನ್ನುತ್ತದೆ. ಮೊದಲು ಅವರು ಕೇಳಬೇಕು. ಉತ್ತರ ಸೌಮ್ಯವಾಗಿರಬೇಕು ಎಂಬುದೂ ಅಲ್ಲೇ ಇದೆ.

ಅರಾಮಿನ ಸೇನಾಪತಿ ನಾಮಾನನ ಮನೆಯಲ್ಲಿ ಸೆರೆಯಾಳಾಗಿ ಬಂದ ಹುಡುಗಿಯ ಪ್ರಸಂಗವನ್ನೂ ಓದಿಸಿದೆ. ಸಮಾರ್ಯದಲ್ಲಿರುವ ಪ್ರವಾದಿಯ ಬಳಿಗೆ ಹೋದರೆ ಯಜಮಾನರ ಕುಷ್ಠ ವಾಸಿಯಾಗುತ್ತಿತ್ತು ಎಂದು ಅವಳು ಯಜಮಾನಿಗೆ ಒಂದೇ ಮಾತು ಹೇಳುತ್ತಾಳೆ. ಓದಿ ಬಂದ ಕೃಪಾ, ಆ ಹುಡುಗಿ ಕೆಳಗಿದ್ದವಳು, ನಾನು ಮೇಲಿದ್ದವಳು ಎಂದರು. ನಾನು ಹೇಳಬೇಕೆಂದಿದ್ದನ್ನು ಅವರೇ ಕಂಡುಕೊಂಡಿದ್ದರು.

ಕೊಟ್ಟ ಸಲಹೆಗಳು ಹೀಗಿದ್ದವು. ನಿಮ್ಮ ಕೈಕೆಳಗೆ ಇರುವವರೊಡನೆ ವಿಶ್ವಾಸದ ಮಾತನ್ನು ನೀವಾಗಿ ಎತ್ತಬೇಡಿ, ಸಭೆಗೆ ಕರೆಯಬೇಡಿ. ಯಾರಾದರೂ ತಾವಾಗಿ ಕೇಳಿದರೆ ಮುಚ್ಚಿಡಬೇಕಿಲ್ಲ. ಚಿಕ್ಕದಾಗಿ ಹೇಳಿ, ಇದಕ್ಕೂ ನಿನ್ನ ಕೆಲಸಕ್ಕೂ ಸಂಬಂಧವಿಲ್ಲ ಎಂಬುದನ್ನೂ ಹೇಳಿ. ಇನ್ನಷ್ಟು ತಿಳಿಯಬೇಕೆನ್ನುವವರಿಗೆ ಅವರ ಮೇಲೆ ಅಧಿಕಾರವಿಲ್ಲದ ಬೇರೊಬ್ಬರನ್ನು ತೋರಿಸಿ. ಇನ್ನೊಬ್ಬರ ಬ್ಯಾಗಿಗೆ ಕೈ ಹಾಕುವುದನ್ನು ಇಂದೇ ನಿಲ್ಲಿಸಿ. ಪ್ರಾರ್ಥಿಸಲು ಮನಸ್ಸಾದರೆ ಮನೆಯಲ್ಲಿ ಅವರ ಹೆಸರು ಹೇಳಿ ಪ್ರಾರ್ಥಿಸಿ, ಅದಕ್ಕೆ ಯಾರ ಅನುಮತಿಯೂ ಬೇಡ. ಮತ್ತೆ, ಲೈನಿನಲ್ಲಿ ಓಟಿ ಹಂಚುವಾಗ ಎಲ್ಲರಿಗೂ ಕಾಣುವಂತೆ ಸರದಿ ಪಟ್ಟಿ ಹಾಕಿ. ಕ್ರೈಸ್ತ ಸೂಪರ್‌ವೈಸರ್ ಎಂದರೆ ಇಂಥವರು ಎಂದು ನಲವತ್ತು ಹೆಂಗಸರು ನಿರ್ಧರಿಸುವುದು ಆ ಪಟ್ಟಿಯನ್ನು ನೋಡಿ.

ಅವರ ಸಾಕ್ಷಿಯ ಬಗ್ಗೆಯೂ ಮಾತನಾಡಬೇಕಾಯಿತು. ಗಂಡ ಕುಡಿತ ಬಿಟ್ಟ ಕಾಲದಲ್ಲಿ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೂ ಹೋಗಿದ್ದರು, ಮಾತ್ರೆ ತೆಗೆದುಕೊಂಡಿದ್ದರು. ಸಾಕ್ಷಿ ಹೇಳುವಾಗ ಕೃಪಾ ಆ ಭಾಗವನ್ನು ಬಿಟ್ಟುಬಿಡುತ್ತಿದ್ದರು, ದೇವರ ಮಹಿಮೆ ಕಡಿಮೆಯಾದೀತು ಎಂಬ ಅಂಜಿಕೆಯಿಂದ. ನಾನು ಇದನ್ನು ಗಟ್ಟಿಯಾಗಿಯೇ ಹೇಳಿದೆ: ಮಂಜುಳಾಳ ಗಂಡನಿಗೆ ಚಿಕಿತ್ಸೆ ಸಿಗುವ ದಾರಿ ನಿಮಗೆ ಗೊತ್ತಿತ್ತು, ಅದನ್ನು ಅವಳಿಗೆ ಹೇಳಲಿಲ್ಲ. ದೇವರು ವೈದ್ಯರ ಕೈಯಿಂದಲೂ ಕೆಲಸ ಮಾಡುತ್ತಾನೆಂದು ನಂಬುವವರಿಗೆ ಪೂರ್ತಿ ಸತ್ಯ ಹೇಳಲು ಅಂಜಿಕೆ ಏಕೆ?

ಮಂಜುಳಾಳನ್ನು ಒಬ್ಬಳನ್ನೇ ಕರೆದು ಕ್ಷಮೆ ಕೇಳಬೇಡಿ, ಅದೂ ಅವಳಿಗೆ ಒತ್ತಡವಾದೀತು ಎಂದೆ. ಕಲ್ಯಾಣಾಧಿಕಾರಿಯ ಎದುರಿನಲ್ಲಿ ಕೃಪಾ ಕ್ಷಮೆ ಕೇಳಿದರು, ದೇವರ ಹೆಸರು ಎತ್ತಲಿಲ್ಲ. ಚಿಕಿತ್ಸಾ ವಿಭಾಗದ ವಿವರವನ್ನು ಅಧಿಕಾರಿಯ ಕೈಗೆ ಕೊಟ್ಟರು. ಮಂಜುಳಾ ತಾನೇ ಕೇಳಿಕೊಂಡು ಬೇರೆ ಲೈನಿಗೆ ಹೋದಳು.

ನಡುವೆ ಆಯುಧಪೂಜೆ ಬಂತು. ಮೆಷಿನ್‌ಗಳಿಗೆ ಕುಂಕುಮ ಹಚ್ಚಿ ಬೂದುಗುಂಬಳ ಒಡೆಯುವಾಗ ತಾನು ಎಲ್ಲಿ ನಿಲ್ಲಬೇಕು ಎಂಬುದು ಅವರ ಚಿಂತೆ. ನಾಮಾನನ ಅದೇ ಪ್ರಸಂಗವನ್ನು ಮತ್ತೆ ನೆನಪಿಸಿದೆ. ವಾಸಿಯಾದ ನಾಮಾನ, ಅರಸನು ರಿಮ್ಮೋನ್ ದೇವರ ಗುಡಿಯಲ್ಲಿ ತನ್ನ ಕೈ ಹಿಡಿದು ಬಗ್ಗುವಾಗ ತಾನೂ ಬಗ್ಗಬೇಕಾಗುತ್ತದೆ, ಅದನ್ನು ಕ್ಷಮಿಸಬೇಕು ಎನ್ನುತ್ತಾನೆ. ಪ್ರವಾದಿ ಎಲೀಷ ಸಮಾಧಾನದಿಂದ ಹೋಗು ಎಂದಷ್ಟೇ ಹೇಳುತ್ತಾನೆ. ನಿಮ್ಮ ಮನಸ್ಸಾಕ್ಷಿ ಒಪ್ಪುವಷ್ಟು ಮಾಡಿ, ಮುಖ ಸಿಂಡರಿಸಬೇಡಿ ಎಂದೆ. ಹಿಂದಿನ ದಿನ ಎಲ್ಲರೊಂದಿಗೆ ಮೆಷಿನ್ ಒರೆಸಿ, ಪೂಜೆಯ ಹೊತ್ತು ಬದಿಯಲ್ಲಿ ನಿಂತರಂತೆ. ಯಾರೂ ಏನೂ ಅನ್ನಲಿಲ್ಲ.

ನಿದ್ದೆ ಈಗ ಪರವಾಗಿಲ್ಲ. ಗಂಡನ ಜೊತೆ ಹೋಗಿ ಪಾಸ್ಟರ್ ಬಳಿ ಮಾತನಾಡಿದರು, ಆದರೆ ಭಾನುವಾರದ ಎಣಿಕೆ ನಿಂತಿಲ್ಲ. ದಣಿದ ಹೆಂಗಸರನ್ನು ಅವರ ಕೃತಜ್ಞತೆಯಿಂದಲೇ ಹೆದರಿಸುವುದು ಕ್ರೌರ್ಯ ಎಂದು ನಾನು ಕೃಪಾ ಅವರಿಗೆ ಹೇಳಿದ್ದೇನೆ. ಆ ಸಭೆಯಲ್ಲಿ ಉಳಿಯುವುದೋ ಬಿಡುವುದೋ ಅವರು ನಿರ್ಧರಿಸಬೇಕಾದದ್ದು. ಸದ್ಯಕ್ಕೆ ಕೈ ಎತ್ತದೆ ಕುಳಿತುಕೊಳ್ಳುತ್ತಾರೆ.

ಕಳೆದ ಭೇಟಿಯಲ್ಲಿ ಕೇಳಿದರು: ಮಂಜುಳಾ ಈಗ ನನ್ನ ಲೈನಿನಲ್ಲಿ ಇಲ್ಲವಲ್ಲ, ಇನ್ನು ಮಾತನಾಡಿಸಬಹುದೇ? ಎದುರು ಸಿಕ್ಕಾಗ ಊಟವಾಯಿತೇ ಎಂದು ಧಾರಾಳವಾಗಿ ಕೇಳಿ ಎಂದೆ. ಅದಕ್ಕಿಂತ ಮುಂದಿನ ಮಾತು ಅವಳೇ ಶುರುಮಾಡಬೇಕು, ಶುರುಮಾಡದಿದ್ದರೆ ಅಲ್ಲಿಗೇ ಬಿಡಬೇಕು.