ಜಿಆರ್86 ಕಾರನ್ನು ಒಂದು ಇಂಚು ತಗ್ಗಿಸಬೇಕು. ಬರೀ ಸ್ಪ್ರಿಂಗ್ ಸಾಕಾ, ಕಾಯಿಲ್‌ಓವರ್ ಬೇಕಾ?

ನ್ಯೂಜೆರ್ಸಿಯಲ್ಲಿ ದಿನಾ ಆಫೀಸಿಗೆ ಟೊಯೊಟಾ ಜಿಆರ್86 ಓಡಿಸ್ತೀರಿ, ಚಳಿಗಾಲಕ್ಕೂ ಅದೇ ಕಾರು, ಟ್ರ್ಯಾಕಿಗೆ ಹೋಗುವುದಿಲ್ಲ, ಟೈರ್ ಮೇಲಿನ ಗ್ಯಾಪ್ ನೋಡಿದರೆ ಬೇಜಾರು ಎಂದಿದ್ದೀರಿ. ಹಾಗಿದ್ದರೆ ಬರೀ ಸ್ಪ್ರಿಂಗೂ ಬೇಡ, ಕಾಯಿಲ್‌ಓವರ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಟ್ಟಿಗೇ ಇರುವ, ಎತ್ತರ ಬದಲಿಸಬಹುದಾದ ಸೆಟ್) ಕೂಡ ಬೇಡ. ತಗ್ಗಿಸುವ ಸ್ಪ್ರಿಂಗ್ ಹಾಕಿಸಿ, ಜೊತೆಗೇ ಅದಕ್ಕೆ ಹೊಂದುವ ಡ್ಯಾಂಪರನ್ನೂ (ಸ್ಪ್ರಿಂಗಿನ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್) ಹಾಕಿಸಿ. ನನ್ನ ಕಾರಲ್ಲೂ ಹೀಗೇ ಇದೆ.

25 ಮಿ.ಮೀ. ತಗ್ಗಿಸಿದರೆ ಚಕ್ರ ಮೇಲೇಳಲು ಇರುವ ಜಾಗದಲ್ಲೂ ಹತ್ತಿರಹತ್ತಿರ ಅಷ್ಟೇ ಹೋಯಿತು ಅಂತ ಲೆಕ್ಕ. ಡ್ಯಾಂಪರಿನ ರಾಡ್ ಮೇಲೆ ಬೆರಳುದ್ದದ ಫೋಮ್ ತುಂಡು ಇರುತ್ತದೆ, ಅದೇ ಬಂಪ್ ಸ್ಟಾಪ್. ಕಾರು ಗುಂಡಿಗಿಳಿದಾಗ ಡ್ಯಾಂಪರ್ ಬೇಗ ಹೋಗಿ ಅದಕ್ಕೆ ಬಡಿಯುತ್ತದೆ. ದಡ್ ಅಂತ ಏಟು ಸೀದಾ ನಿಮ್ಮ ಸೊಂಟಕ್ಕೆ. ತಿರುವಿನ ಮಧ್ಯೆ ಹಾಗಾದರೆ ಇನ್ನೂ ಕೆಟ್ಟದ್ದು, ಆ ಕಡೆ ಸಸ್ಪೆನ್ಶನ್ ಒಮ್ಮೆಲೇ ಬಿಗಿಯಾಗಿ ಟೈರಿನ ಹಿಡಿತ ಸಡಿಲವಾಗುತ್ತದೆ.

ಅದಕ್ಕೇ ತಗ್ಗಿಸುವ ಸ್ಪ್ರಿಂಗನ್ನು ಸ್ವಲ್ಪ ಗಟ್ಟಿಯಾಗಿ ಮಾಡಿರುತ್ತಾರೆ. ಗಟ್ಟಿ ಸ್ಪ್ರಿಂಗ್ ವಾಪಸ್ ಚಿಮ್ಮುವುದೂ ಜೋರಾಗಿಯೇ. ಕಂಪನಿ ಡ್ಯಾಂಪರ್ ಮೆತ್ತನೆ ಸ್ಪ್ರಿಂಗ್ ನೋಡಿಕೊಂಡು ಮಾಡಿದ್ದು, ಈ ಚಿಮ್ಮುವಿಕೆಯನ್ನು ಅದು ಪೂರ್ತಿ ತಡೆಯಲ್ಲ. ಸೇತುವೆ ಜಾಯಿಂಟ್ ದಾಟಿದ ಮೇಲೂ ಕಾರು ಕುಣಿಯುತ್ತಿರುತ್ತದೆ.

ಬಿಲ್‌ಸ್ಟೀನ್ ಕಂಪನಿಯ ಡ್ಯಾಂಪರುಗಳಲ್ಲಿ ಬಿ6 ಮೂಲ ಎತ್ತರಕ್ಕೆ. ಬಿ8ರ ಬಾಡಿ ಗಿಡ್ಡ, ತಗ್ಗಿಸಿದ ಕಾರಿಗೆಂದೇ ಮಾಡಿದ್ದು. ಐಬಾಕ್ ಪ್ರೊ-ಕಿಟ್ ತರಹದ ಸ್ಪ್ರಿಂಗ್ ಜೊತೆ ಬಿ8 ಒಳ್ಳೆಯ ಜೋಡಿ. ತಗೊಳ್ಳುವ ಮುಂಚೆ ನಿಮ್ಮ ಕಾರಿನ ವರ್ಷಕ್ಕೆ ಪಾರ್ಟ್ ನಂಬರ್ ತಾಳೆ ನೋಡಿ.

ಕಾಯಿಲ್‌ಓವರ್ ಕೆಟ್ಟದ್ದೇನಲ್ಲ. ಓಹ್ಲಿನ್ಸ್ ತರಹದ್ದು ಚೆನ್ನಾಗಿಯೇ ಇರುತ್ತದೆ, ಬೆಲೆಯೂ ಹಾಗೇ. ಅಗ್ಗದ್ದರಲ್ಲಿ ತಿರುಗಿಸುವ ನಾಬ್ ಇರುತ್ತದೆ, ಒಳಗಿನ ಡ್ಯಾಂಪರ್ ಸುಮಾರು. ಮೇಲಾಗಿ ನಿಮ್ಮ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕ್ತಾರಲ್ವಾ? ಕಾಯಿಲ್‌ಓವರಿನ ಥ್ರೆಡ್ ತುಕ್ಕು ಹಿಡಿದು, ಅದರ ಮೇಲೆ ತಿರುಗಿಸುವ ಕಾಲರ್ ಕಚ್ಚಿಕೊಂಡರೆ ಎತ್ತರ ಬದಲಿಸೋ ಸೌಕರ್ಯವೇ ಇಲ್ಲ. ಸುಮ್ನೆ ದುಡ್ಡು ದಂಡ.

ಒಂದು ಇಂಚಿಗಿಂತ ಜಾಸ್ತಿ ಇಳಿಸಬೇಡಿ. ಈ ಕಾರಿನ ಗ್ರೌಂಡ್ ಕ್ಲಿಯರೆನ್ಸ್ ಮೊದಲೇ ಸುಮಾರು 13 ಸೆಂ.ಮೀ. ಅಷ್ಟೇ, ಹಿಮ ಬಿದ್ದ ದಿನ ಗೊತ್ತಾಗುತ್ತದೆ. ಇಳಿಸಿದಷ್ಟೂ ಹಿಂದಿನ ಚಕ್ರಗಳ ತಲೆ ಒಳಗೆ ವಾಲುತ್ತದೆ. ಹಿಂದೆ ಟೋ (ಮೇಲಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ತಿರುಗಿರುವುದು) ಸರಿಮಾಡಬಹುದು, ಕ್ಯಾಂಬರ್ ಅಂದರೆ ಈ ವಾಲುವಿಕೆ ಸರಿಮಾಡಲು ಕಂಪನಿ ಏನೂ ಕೊಟ್ಟಿಲ್ಲ. ಇನ್ನೂ ಕೆಳಗೆ ಬೇಕೆಂದರೆ ಅಡ್ಜಸ್ಟ್ ಆಗುವ ಆರ್ಮ್‌ಗಳಿಗೆ (ಚಕ್ರವನ್ನು ಕಾರಿಗೆ ಜೋಡಿಸುವ ತೋಳುಗಳು) ಬೇರೆ ಖರ್ಚು. ಅಂದಹಾಗೆ, ಟೈರಿನ ಒಳಅಂಚು ಸವೆದರೆ ಎಲ್ಲರೂ ಕ್ಯಾಂಬರನ್ನು ಬಯ್ತಾರೆ. ಬಹಳ ಸಲ ತಪ್ಪು ಟೋನದ್ದು. ಸ್ಪ್ರಿಂಗ್ ಕೂತುಕೊಳ್ಳಲು ಒಂದೆರಡು ವಾರ ಬಿಟ್ಟು ಇನ್ನೊಮ್ಮೆ ಅಲೈನ್ಮೆಂಟ್ ಮಾಡಿಸಿ.

ಕೆಲಸ ಮಾಡುವವರಿಗೆ ಒಂದು ಮಾತು ಮೊದಲೇ ಹೇಳಿ. ಆರ್ಮ್‌ಗಳ ರಬ್ಬರ್ ಬುಷ್ ಬೋಲ್ಟುಗಳನ್ನು ಕಾರು ಲಿಫ್ಟ್ ಮೇಲೆ ತೂಗಾಡುತ್ತಿರುವಾಗ ಕೊನೆಯ ಬಿಗಿ ಕೊಡಬಾರದು. ಹಾಗೆ ಬಿಗಿದರೆ ಕಾರು ನೆಲಕ್ಕಿಳಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ, ಬೇಗ ಹರಿಯುತ್ತದೆ. ಬೋಲ್ಟ್ ಸಡಿಲ ಬಿಟ್ಟು, ಕಾರಿನ ಭಾರ ಚಕ್ರಗಳ ಮೇಲೆ ಬಂದ ಮೇಲೆ ಟಾರ್ಕ್ ರೆಂಚ್ ಹಾಕಬೇಕು. ಇದನ್ನು ಕೇಳಿ ಮೆಕ್ಯಾನಿಕ್ ಮುಖ ಸಿಂಡರಿಸಿದರೆ ಬೇರೆ ಗ್ಯಾರೇಜ್ ನೋಡಿ.