ಐರ್ಲೆಂಡಿನ ಹಳ್ಳಿಗಾಡು ನೋಡಲು ಒಂದು ವಾರ ಇದೆ, ಎಲ್ಲಿಗೆ ಹೋಗಲಿ?

ಮೇ ತಿಂಗಳಲ್ಲಿ ಗಂಡ ಹೆಂಡತಿ ಇಬ್ಬರೇ ಬರುತ್ತಿದ್ದೇವೆ, ನಡೆಯೋದು ಇಷ್ಟ, ಪಶ್ಚಿಮ ಕರಾವಳಿಯನ್ನು ಪೂರ್ತಿ ಕಾರಲ್ಲಿ ಸುತ್ತಬಹುದಾ ಅಂತ ಕೇಳಿದ್ದೀರಿ. ಬೇಡ ಅಂತೀನಿ. ವೈಲ್ಡ್ ಅಟ್ಲಾಂಟಿಕ್ ವೇ ಅನ್ನೋ ಆ ದಾರಿ ಸುಮಾರು 2,500 ಕಿ.ಮೀ. ಇದೆ. ಒಂದು ವಾರದಲ್ಲಿ ಮುಗಿಸಲು ಹೊರಟರೆ ನಡೆಯೋದು ಎಲ್ಲಿ ಬಂತು? ದಿನವಿಡೀ ಸ್ಟೀರಿಂಗ್ ಹಿಡಿದು ಕೂತಿರಬೇಕು ಅಷ್ಟೇ.

ನಾನಿರೋದು ಡಬ್ಲಿನ್‌ನಲ್ಲಿ. ಊರಿಂದ ಯಾರು ಬಂದರೂ ನಾನು ಕರೆದುಕೊಂಡು ಹೋಗುವ ಜಾಗ ಕ್ಲೇರ್ ಕೌಂಟಿಯ ಬರೆನ್. ಕಾರಲ್ಲಿ ಮೂರು ಗಂಟೆ ಚಿಲ್ಲರೆ. ಬ್ಯಾಲಿವಾನ್ ಅಥವಾ ಕೊರೊಫಿನ್‌ನಲ್ಲಿ ರೂಮು ಹಿಡಿದು ಅಲ್ಲೇ ನಾಲ್ಕು ದಿನ ಇದ್ದುಬಿಡಿ.

ಹಸಿರು ಗುಡ್ಡ ಅಂದುಕೊಂಡು ಹೋದವರಿಗೆ ಮೊದಲು ಪೆಚ್ಚಾಗುತ್ತದೆ. ಎಲ್ಲಿ ನೋಡಿದರೂ ಬೋಳು, ಬೂದು ಬಣ್ಣದ ಸುಣ್ಣಕಲ್ಲು. 30 ಕೋಟಿ ವರ್ಷಕ್ಕೂ ಹಿಂದೆ ಬೆಚ್ಚಗಿನ ಸಮುದ್ರದ ತಳದಲ್ಲಿ ಆದ ಕಲ್ಲು ಅದು. ಹಿಮಯುಗದಲ್ಲಿ ಮೇಲಿನ ಮಣ್ಣನ್ನು ಹಿಮನದಿಗಳು ಕೆರೆದುಕೊಂಡು ಹೋದವು. ಆಮೇಲೆ ಮಳೆನೀರು ಕಲ್ಲನ್ನು ಕರಗಿಸುತ್ತಾ ಉದ್ದುದ್ದ ಬಿರುಕು ಮಾಡಿದೆ. ಒಂದು ಬಿರುಕಿನ ಹತ್ತಿರ ಕೂತು ಒಳಗೆ ಬಗ್ಗಿ ನೋಡಿ. ಗಾಳಿ ತಾಕದ ಆ ಸಂದಿಯಲ್ಲಿ ಜರೀಗಿಡಗಳು ಹಸಿಹಸಿಯಾಗಿ ನಿಂತಿರುತ್ತವೆ. ಪಕ್ಕದ ಹುಲ್ಲಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಕಡುನೀಲಿ ಹೂವು, ಜೆಂಟಿಯನ್. ಆಲ್ಪ್ಸ್ ಬೆಟ್ಟಗಳ ಗಿಡ ಇಲ್ಲಿ ಸಮುದ್ರದ ಮಟ್ಟದಲ್ಲೇ ಬೆಳೆಯುತ್ತದೆ. ಮೋಡ ಕವಿದರೆ ಮುದುಡಿಕೊಳ್ಳುತ್ತದೆ, ಬಿಸಿಲಿದ್ದಾಗ ಹುಡುಕಿ. ನೀವು ಬರುವ ಮೇ ತಿಂಗಳು ಅದಕ್ಕೆ ಒಳ್ಳೆ ಕಾಲ.

ಈ ಹೂವುಗಳು ಉಳಿದಿರೋದು ದನಗಳಿಂದ. ಬೇರೆ ಬೆಟ್ಟದ ನಾಡುಗಳಲ್ಲಿ ದನಗಳನ್ನು ಬೇಸಿಗೆಯಲ್ಲಿ ಮೇಲಕ್ಕೆ ಹೊಡೆಯುತ್ತಾರೆ, ಚಳಿಗೆ ಕೆಳಗಿಳಿಸುತ್ತಾರೆ ಅಲ್ವಾ? ಬರೆನ್ ರೈತರದ್ದು ಉಲ್ಟಾ. ಬೇಸಿಗೆಯಲ್ಲಿ ಗುಡ್ಡದ ಮೇಲೆ ನೀರು ಸಿಗೋದು ಕಷ್ಟ, ಎಲ್ಲ ಕಲ್ಲಿನೊಳಗೆ ಇಳಿದುಹೋಗುತ್ತದೆ. ಚಳಿಗಾಲದಲ್ಲಿ ಅದೇ ಕಲ್ಲು ಬಿಸಿಲಿನ ಶಾಖ ಇಟ್ಟುಕೊಂಡಿರುತ್ತದೆ, ಕಾಲಡಿ ಕೆಸರೂ ಇರಲ್ಲ. ಹಾಗಾಗಿ ಅಕ್ಟೋಬರ್ ಸುಮಾರಿಗೆ ದನ ಮೇಲೆ ಹೋಗುತ್ತವೆ. ಒರಟು ಹುಲ್ಲನ್ನೆಲ್ಲ ಮೇಯ್ದು ಬಿಡುತ್ತವೆ, ವಸಂತದಲ್ಲಿ ಹೂಗಿಡಕ್ಕೆ ಬೆಳಕು ಸಿಗುತ್ತದೆ. ಮೇಯಿಸೋದು ನಿಂತ ಕಡೆ ಹೇಜಲ್ ಪೊದೆ ಹಬ್ಬಿ ಹೂವೆಲ್ಲ ಮುಚ್ಚಿಹೋಗುತ್ತವೆ. ಬೇಲಿ ಹಾಕಿ ದನ ಓಡಿಸಿದರೆ ಕಾಡು ಉಳಿಯುತ್ತದೆ ಅನ್ನುವವರು ಇದನ್ನೊಮ್ಮೆ ನೋಡಬೇಕು.

ನಡೆಯೋಕೆ ಕೊರೊಫಿನ್ ಹತ್ತಿರದ ನ್ಯಾಷನಲ್ ಪಾರ್ಕ್‌ನಲ್ಲಿ ಮುಲ್ಲಾಮೋರ್ ಗುಡ್ಡ ಇದೆ. 200 ಮೀಟರ್ ಎತ್ತರವೂ ಇಲ್ಲ, ಟಿಕೆಟ್ ಇಲ್ಲ, ಬಣ್ಣಬಣ್ಣದ ಬಾಣದ ಗುರುತು ನೋಡಿಕೊಂಡು ಅರ್ಧ ದಿನ ಆರಾಮಾಗಿ ಸುತ್ತಬಹುದು. ಹಿಡಿತ ಇರುವ ಶೂ ಹಾಕಿ. ಚಪ್ಪಡಿಗಳು ಅಲ್ಲಾಡುತ್ತವೆ, ನೆನೆದರೆ ಜಾರುತ್ತವೆ. ಆ ಗಾಳಿಗೆ ಕೊಡೆ ನಿಲ್ಲಲ್ಲ, ಮಳೆ ಜಾಕೆಟ್ ತನ್ನಿ. ಇಲ್ಲಿ ಬಹುತೇಕ ಜಮೀನು ಖಾಸಗಿ, ಗುರುತು ಬಿಟ್ಟು ಸಿಕ್ಕಲ್ಲಿ ನುಗ್ಗುವ ಹಾಗಿಲ್ಲ. ಗೇಟು ಹೇಗಿತ್ತೋ ಹಾಗೇ ಬಿಡಿ. ಇನ್ನೊಂದು, ಫೋಟೋಗೆ ಅಂತ ಕಲ್ಲು ಜೋಡಿಸಿ ಗೋಪುರ ಕಟ್ಟಬೇಡಿ. ಕಿತ್ತ ಕಲ್ಲಿನ ಜೊತೆ ಗಿಡವೂ ಹೋಗುತ್ತದೆ.

ಪೌಲ್ನಬ್ರೋನ್ ಕಲ್ಲುಗೋರಿ ದಾರಿಯಲ್ಲೇ ಸಿಗುತ್ತದೆ. ಐದು ಸಾವಿರ ವರ್ಷಕ್ಕೂ ಹಳೆಯದು, 1980ರ ದಶಕದಲ್ಲಿ ಅಗೆದಾಗ ಮೂವತ್ತಕ್ಕೂ ಹೆಚ್ಚು ಜನರ ಮೂಳೆ ಸಿಕ್ಕಿದ್ದವು. ಕ್ಲಿಫ್ಸ್ ಆಫ್ ಮೊಹರ್ ಅನ್ನೋ ಸಮುದ್ರದಂಚಿನ ಕಡಿದಾದ ಬಂಡೆಗಳಿಗೆ ಸಂಜೆ ಹೋಗಿ. ಮಧ್ಯಾಹ್ನ ಬಸ್ಸುಗಟ್ಟಲೆ ಜನ. ಮೇನಲ್ಲಿ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ.

ಗಾಡಿ ಓಡಿಸೋದು ನಮ್ಮ ಹಾಗೇ ಎಡಗಡೆ. ಆದರೆ ಹಳ್ಳಿ ರಸ್ತೆಗಳು ಒಂದೇ ಕಾರು ಹಿಡಿಸುವಷ್ಟು, ಎರಡೂ ಕಡೆ ಕಲ್ಲುಗೋಡೆ. ಚಿಕ್ಕ ಕಾರೇ ತಗೊಳ್ಳಿ. ಎದುರಿನವರು ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತಿದರೆ ನಮಸ್ಕಾರ ಅಂತ, ನೀವೂ ಎತ್ತಿ. ಕಾರು ಬೇಡ ಅಂದರೆ ಗಾಲ್ವೇಯಿಂದ 350 ನಂಬರ್ ಬಸ್ಸು ಬ್ಯಾಲಿವಾನ್ ಮೇಲೆ ಹಾದು ಕ್ಲಿಫ್ಸ್‌ವರೆಗೂ ಹೋಗುತ್ತದೆ.

ಶೆಂಗೆನ್ ವೀಸಾ ಇಲ್ಲಿ ನಡೆಯಲ್ಲ, ಐರ್ಲೆಂಡಿಗೆ ಬೇರೆಯೇ ವೀಸಾ ಬೇಕು. ಸಸ್ಯಾಹಾರಿಗಳಾದರೆ ಪಬ್‌ನಲ್ಲಿ ತರಕಾರಿ ಸೂಪು, ಬ್ರೌನ್ ಬ್ರೆಡ್ ಸಿಗುತ್ತದೆ, ಆದರೆ ಸೂಪಿಗೆ ಚಿಕನ್ ಸ್ಟಾಕ್ ಹಾಕಿದ್ದಾರಾ ಅಂತ ಕೇಳಿಯೇ ಆರ್ಡರ್ ಮಾಡಿ.