ಮಡಿಕೇರಿಯ ಮಳೆಗೆ ಬಿರಿಯುವ ಮ್ಯಾಕರಾನ್

ಪ್ರಶ್ನೆ: ಮಾರ್ಚ್‌ನಲ್ಲಿ ಚೆನ್ನಾಗಿ ಬರುತ್ತಿದ್ದ ಮ್ಯಾಕರಾನ್ (ಬಾದಾಮಿ ಪುಡಿ, ಸಕ್ಕರೆ, ಮೊಟ್ಟೆಯ ಬಿಳಿಯಿಂದ ಮಾಡಿದ ಎರಡು ಚಿಪ್ಪುಗಳ ನಡುವೆ ಹೂರಣ ಇಡುವ ಫ್ರೆಂಚ್ ಬಿಸ್ಕತ್ತು) ಜುಲೈ ಬಂದಾಗಿನಿಂದ ಕೈಕೊಡುತ್ತಿದೆ. ಮೇಲೆ ಬಿರಿಯುತ್ತದೆ, ಬುಡದ ಸುತ್ತ ನೊರೆಯಂಚು ಏಳುವುದೇ ಇಲ್ಲ. ಎದ್ದರೂ ಒಳಗೆ ಪೊಳ್ಳು. ಅಳತೆ ಅದೇ, ಓಟಿಜಿ (ಕರೆಂಟಿನ ಪುಟ್ಟ ಓವನ್) ಕೂಡ ಅದೇ, ಅರ್ಧ ಗಂಟೆ ಒಣಗಲು ಬಿಡುವುದನ್ನೂ ತಪ್ಪಿಸಿಲ್ಲ. ಕೊಡವರ ಕೈಲ್‌ಪೊಳ್ದ್ ಹಬ್ಬಕ್ಕೆ ಬರುವ ನೆಂಟರಿಗೆ ಕಿತ್ತಳೆ ಹೂರಣ ಹಾಕಿ ಕೊಡುವ ಆಸೆ. ಏನು ಮಾಡಲಿ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ನಿಮ್ಮ ಅಡುಗೆಮನೆಯ ಉಪ್ಪಿನ ಡಬ್ಬಿ ಈಗ ನೀರೊಡೆದಿರಬೇಕಲ್ಲ? ಸಕ್ಕರೆ, ಬಾದಾಮಿ ಪುಡಿಗಳ ಪಾಡೂ ಅದೇ. ಆ ಅರ್ಧ ಗಂಟೆಯ ಲೆಕ್ಕ ಒಣ ಹವೆಯ ಊರಿನದು, ಜುಲೈನ ಮಡಿಕೇರಿಗೆ ಹೊಂದುವುದಿಲ್ಲ. ಇಲ್ಲಿ ಗಡಿಯಾರ ಬಿಟ್ಟು ಬೆರಳನ್ನು ನಂಬಿ. ಹಿಟ್ಟಿನ ಬಿಲ್ಲೆಯ ಮೇಲೆ ಬೆರಳು ಮೆಲ್ಲಗೆ ಸವರಿದರೆ ಅಂಟಬಾರದು, ಹೊಳಪು ಹೋಗಿ ಮಂಕಾಗಿರಬೇಕು. ಆ ತೆಳುಪೊರೆ ಗಟ್ಟಿಯಾಗಿದ್ದರೆ ಒಳಗಿನ ಹಬೆ ಮೇಲೆ ಸೀಳದೆ ಬುಡದಿಂದ ಹೊರಬರುತ್ತದೆ. ನೊರೆಯಂಚು ಏಳುವುದು ಹಾಗೆ. ಪೊರೆಯೇ ಕಟ್ಟದಿದ್ದರೆ ಬಿರಿಯದೆ ಇನ್ನೇನಾಗುತ್ತದೆ?

ಫ್ಯಾನ್ ಹಾಕಿದರೆ ತೇವದ ಗಾಳಿಯೇ ಸುತ್ತುತ್ತಿರುತ್ತದೆ, ಪ್ರಯೋಜನ ಕಡಿಮೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ರೂಮ್ ಹೀಟರ್ ಹಾಕಿ ಟ್ರೇ ಇಡಿ. ಇಲ್ಲವೇ ಓಟಿಜಿಯನ್ನು ತುಸು ಬಿಸಿ ಮಾಡಿ ಆರಿಸಿ, ಒಳಗೆ ಕೈಯಿಟ್ಟರೆ ಬೆಚ್ಚಗಷ್ಟೇ ಅನ್ನಿಸುವಾಗ ಟ್ರೇ ಸೇರಿಸಿ, ಬಾಗಿಲು ಓರೆ ಮಾಡಿಡಿ. ಸೌದೆ ಒಲೆಯ ಹತ್ತಿರ ಮಾತ್ರ ಬೇಡ, ಬಾದಾಮಿಗೆ ಹೊಗೆ ವಾಸನೆ ಹತ್ತುತ್ತದೆ.

ಬಾದಾಮಿ ಪುಡಿಯನ್ನು ಮೊದಲೇ 100 ಡಿಗ್ರಿಯಲ್ಲಿ ಹತ್ತು ನಿಮಿಷ ಬಿಸಿ ಮಾಡಿ, ಪೂರ್ತಿ ಆರಿಸಿ, ಜರಡಿ ಹಿಡಿಯಿರಿ. ಮಿಕ್ಸಿಯಲ್ಲಿ ಮನೆಯಲ್ಲೇ ಪುಡಿ ಮಾಡುವುದಾದರೆ ಐಸಿಂಗ್ ಶುಗರ್ ಸೇರಿಸಿಕೊಂಡು ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮ ತಿರುಗಿಸಿದರೆ ಬಾದಾಮಿ ಎಣ್ಣೆ ಬಿಡುತ್ತದೆ.

ಇನ್ನು ಪೊಳ್ಳು. ಮೊಟ್ಟೆಯ ಬಿಳಿಯನ್ನು ಉಂಡೆಗಟ್ಟುವಷ್ಟು ಅತಿಯಾಗಿ ಬೀಟ್ ಮಾಡಿದರೂ ಹೀಗಾಗುತ್ತದೆ, ಬೇಯುವುದು ಸಾಲದಿದ್ದರೂ ಆಗುತ್ತದೆ. ನನ್ನ ಗುಮಾನಿ ಎರಡನೆಯದರ ಮೇಲೆ. ಮಳೆಗಾಲದ ವೋಲ್ಟೇಜ್ ನಿಮಗೇ ಗೊತ್ತು. 230ರ ಬದಲು 200 ವೋಲ್ಟ್ ಬಂದರೆ ಓಟಿಜಿಯ ಕಾಯಿಲ್‌ಗಳ ಶಾಖ ಮುಕ್ಕಾಲು ಭಾಗಕ್ಕೆ ಇಳಿಯುತ್ತದೆ. ಗುಂಡಿ 150 ತೋರಿಸುತ್ತಿದ್ದರೂ ಒಳಗೆ ಅಷ್ಟು ಇರಲಿಕ್ಕಿಲ್ಲ. ಓವನ್ ಥರ್ಮಾಮೀಟರ್ ಒಂದನ್ನು ಒಳಗಿಟ್ಟು ನೋಡಿ. ಈ ತಿನಿಸಿನ ಮಟ್ಟಿಗೆ ಅದಕ್ಕಿಂತ ಉಪಯೋಗದ ಖರ್ಚು ಇನ್ನೊಂದಿಲ್ಲ. ಸುಮಾರು 15 ನಿಮಿಷದ ನಂತರ ಬಿಲ್ಲೆಯ ನೆತ್ತಿ ಮುಟ್ಟಿ ಅಲುಗಿಸಿ. ಬುಡದ ಮೇಲೆ ಅಲುಗಾಡಿದರೆ ಇನ್ನೆರಡು ನಿಮಿಷ ಬೇಕು. ಪೂರ್ತಿ ಆರುವ ಮುನ್ನ ಬಟರ್ ಪೇಪರ್‌ನಿಂದ ಕೀಳಲು ಹೋಗಬೇಡಿ.

ಕಲಸುವುದರಲ್ಲಿ ಒಂದೇ ಗುರುತು ಸಾಕು: ಸೌಟಿನಿಂದ ಇಳಿಬಿಟ್ಟ ಹಿಟ್ಟು ಪಟ್ಟಿಯಂತೆ ಬಿದ್ದು, ಅರ್ಧ ನಿಮಿಷದೊಳಗೆ ಉಳಿದ ಹಿಟ್ಟಿನಲ್ಲಿ ಕರಗಬೇಕು. ಬಿಲ್ಲೆ ಹಾಕಿದ ಮೇಲೆ ಟ್ರೇಯನ್ನು ಮೇಜಿಗೆ ಎರಡು ಮೂರು ಸಲ ಕುಟ್ಟಿ ಗುಳ್ಳೆ ಒಡೆಯಿರಿ. ಮೊಟ್ಟೆಯ ಬಿಳಿಯನ್ನು ದಿನಗಟ್ಟಲೆ ಹಳತು ಮಾಡಬೇಕೆಂಬುದಕ್ಕೆ ನಾನು ಅಷ್ಟು ಬೆಲೆ ಕೊಡುವುದಿಲ್ಲ.

ಇಷ್ಟಾದರೂ ಬಾರದಿದ್ದರೆ ಇಟಾಲಿಯನ್ ವಿಧಾನ ಹಿಡಿಯಿರಿ. 118 ಡಿಗ್ರಿಗೆ ಕಾಯಿಸಿದ ಸಕ್ಕರೆ ಪಾಕವನ್ನು ಬಿಳಿಗೆ ಸಣ್ಣ ಧಾರೆಯಾಗಿ ಸುರಿದು ಬೀಟ್ ಮಾಡುವುದು. ಪಾತ್ರೆ ಜಾಸ್ತಿ ತೊಳೆಯಬೇಕು, ಆದರೆ ನೊರೆ ಗಟ್ಟಿ ನಿಲ್ಲುತ್ತದೆ.

ಕಿತ್ತಳೆ ಹೂರಣಕ್ಕೆ ರಸ ಹಾಕಬೇಡಿ, ಚಿಪ್ಪು ಮೆತ್ತಗಾಗುತ್ತದೆ. ಕೊಡಗಿನ ಕಿತ್ತಳೆ ಸಿಕ್ಕರೆ ಸಿಪ್ಪೆಯ ಮೇಲ್ಪದರವನ್ನಷ್ಟೇ ತುರಿದು, ಬಿಸಿ ಕ್ರೀಮ್‌ನಲ್ಲಿ ನೆನೆಸಿ, ಸೋಸಿ, ಬಿಳಿ ಚಾಕಲೇಟ್‌ಗೆ ಬೆರೆಸಿ. ತುಂಬಿದ ಮ್ಯಾಕರಾನನ್ನು ಗಾಳಿಯಾಡದ ಡಬ್ಬಿಯಲ್ಲಿ ಒಂದು ದಿನ ಫ್ರಿಜ್‌ನಲ್ಲಿಡಿ. ನೆಂಟರು ಬಂದರೆಂದು ತಕ್ಷಣ ಮುಚ್ಚಳ ತೆಗೆಯಬೇಡಿ. ಮುಚ್ಚಿದ ಡಬ್ಬಿಯ ತಣ್ಪು ಹೊರಗೇ ಬಿಡಲಿ, ಇಲ್ಲದಿದ್ದರೆ ಚಿಪ್ಪಿನ ಮೇಲೆಲ್ಲ ನೀರು ಕೂರುತ್ತದೆ.